ಸದ್ದು ರದ್ದು ಮಾಡುವ ಯಂತ್ರ

ನನ್ನದು ಸಂಶಯದ ಸ್ವಭಾವ ಎಂದು ಒಪ್ಪಿಕೊಂಡೇ ಶುರುಮಾಡುತ್ತೇನೆ. ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನ್ನು ಕೇಳುತ್ತೇನೆ. ಕಂಡಕ್ಟರು ಹೇಳಿದ ಮೇಲೆ ಪಕ್ಕದ ಸೀಟಿನವರನ್ನು ಕೇಳುತ್ತೇನೆ. ಬೀಗ ಹಾಕಿದ ಮೇಲೆ ಜಗ್ಗಿ ನೋಡುವುದು ಎಲ್ಲರೂ ಮಾಡುವ ಕೆಲಸ. ನಾನು ಗೇಟಿನ ತನಕ ಹೋಗಿ, ಜಗ್ಗಿದ್ದು ನಿಜವೋ ಅಥವಾ ನಿನ್ನೆ ಜಗ್ಗಿದ್ದು ಇವತ್ತಿನದೆಂದು ನೆನಪಾಗುತ್ತಿದೆಯೋ ಎಂದು ವಾಪಸು ಬಂದು ಇನ್ನೊಮ್ಮೆ ಜಗ್ಗುತ್ತೇನೆ. ಇದಕ್ಕೆ ನನ್ನ ಕಸುಬೂ ಕಾರಣ. ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಬಹಳ ವರ್ಷ ಪ್ರೂಫ್ ನೋಡುವ ಕೆಲಸ ಮಾಡಿದವನು ನಾನು. ಆ ಕೆಲಸದಲ್ಲಿ ನಂಬಿದವನು ಕೆಟ್ಟ. ಒಂದು ಮದುವೆ ಕಾಗದದಲ್ಲಿ ವರನ ಜಾಗದಲ್ಲಿ ವರನ ತಂದೆಯ ಹೆಸರು ಕೂತಿತ್ತು. ಮನೆಯವರು ನಾಲ್ಕು ಜನ ಓದಿ ಸರಿಯಾಗಿದೆ ಎಂದು ಸಹಿ ಮಾಡಿದ್ದರು. ನಾನು ಹಿಡಿಯದೆ ಹೋಗಿದ್ದರೆ ಆ ಮುದುಕರು ಈ ವಯಸ್ಸಿನಲ್ಲಿ ಸೊಸೆಯಾಗಬೇಕಾದವಳ ಪಕ್ಕ ಹಸೆಮಣೆಯ ಮೇಲೆ ಕೂರಬೇಕಾಗುತ್ತಿತ್ತು. ಅಂದಿನಿಂದ ನಾನು ಸಹಿಯನ್ನೂ ನಂಬುವುದಿಲ್ಲ.

ಇಂಥವನು ಕಿವಿಗೆ ಹಾಕಿಕೊಳ್ಳುವ ಒಂದು ಹೆಡ್‌ಫೋನನ್ನು, ಅದರಲ್ಲೂ ಹೊರಗಿನ ಗಲಾಟೆಯನ್ನು ಇಲ್ಲವಾಗಿಸುತ್ತೇನೆ ಎಂದು ಹೇಳಿಕೊಳ್ಳುವ ಹೆಡ್‌ಫೋನನ್ನು ಕೊಳ್ಳಲು ಹೊರಟದ್ದು ಯಾಕೆ ಎಂದು ನೀವು ಕೇಳಬಹುದು. ಕಾರಣ ಹೇಳಲು ನನಗೆ ನಾಚಿಕೆ. ಕಾರಣ ನನ್ನ ಹೆಂಡತಿಯ ಸಂಗೀತದ ಕ್ಲಾಸು.

ಬಸವನಗುಡಿಯಲ್ಲಿ, ಗಾಂಧಿ ಬಜಾರಿನಿಂದ ಎರಡು ತಿರುವು ಒಳಗೆ ನಮ್ಮ ಮನೆ. ಹಳೆಯ ಕಾಲದ್ದು. ಹಜಾರ, ಅದರ ಪಕ್ಕ ಒಂದು ಕೋಣೆ, ನಡುವೆ ಬಾಗಿಲಿಲ್ಲ, ಪರದೆ ಮಾತ್ರ. ಸಂಜೆ ಐದರಿಂದ ಏಳರವರೆಗೆ ಪದ್ಮ ಹಜಾರದಲ್ಲಿ ಚಾಪೆ ಹಾಸಿ, ಶ್ರುತಿಪೆಟ್ಟಿಗೆ ಹಚ್ಚಿ, ಏಳೆಂಟು ಜನಕ್ಕೆ ಪಾಠ ಹೇಳುತ್ತಾಳೆ. ಅದೇ ಹೊತ್ತಿಗೆ ನಾನು ಪ್ರೆಸ್ಸಿನಿಂದ ತಂದ ಪ್ರೂಫ್ ಹಾಳೆಗಳನ್ನು ಕೋಣೆಯ ಮೇಜಿನ ಮೇಲೆ ಹರಡಿಕೊಂಡು, ಟೇಪ್ ರೆಕಾರ್ಡರಿನಲ್ಲಿ ಮೆಲ್ಲಗೆ ಒಂದು ಕೊಳಲಿನ ಕ್ಯಾಸೆಟ್ ಹಾಕಿಕೊಂಡು ಕೂರುತ್ತೇನೆ. ಅಂದರೆ ಕೂರುತ್ತಿದ್ದೆ. ಪರದೆಯ ಈಚೆ ಕೊಳಲು, ಆಚೆ ಸರಳೆ ವರಿಸೆ. ಕೊಳಲಿನವರು ಎಷ್ಟೇ ದೊಡ್ಡ ವಿದ್ವಾಂಸರಿರಲಿ, ಎಂಟು ಜನ ಸೇರಿ ಸರಿಗಮ ಎಂದರೆ ಒಬ್ಬರೇ ಏನು ಮಾಡಿಯಾರು?

ಮಕ್ಕಳದ್ದು ಹೇಗೋ ಸಹಿಸಬಹುದಿತ್ತು. ಆದರೆ ಅವರ ನಡುವೆ ನಂಜೇಗೌಡರು ಇದ್ದರು. ಗವಿಪುರಂನವರು, ನಿವೃತ್ತ ಬಸ್ ಕಂಡಕ್ಟರು. ಮೂವತ್ತು ವರ್ಷ ಟಿಕೆಟ್ ಹರಿದ ಮೇಲೆ ಒಂದು ಕೀರ್ತನೆಯಾದರೂ ನೆಟ್ಟಗೆ ಹಾಡಬೇಕು ಎಂಬ ಆಸೆ ಹೊತ್ತು ಬಂದವರು. ಆಳು ಬಹಳ ಒಳ್ಳೆಯವರು. ಆದರೆ ತುಂಬಿದ ಬಸ್ಸಿನ ಹಿಂಬಾಗಿಲಿನಿಂದ ಡ್ರೈವರಿಗೆ ಕೇಳುವಂತೆ ಕೂಗಿ ಕೂಗಿ ಪಳಗಿದ ಗಂಟಲು. ಅವರು ಷಡ್ಜ ಹಿಡಿದರೆ ಬೀದಿಯಲ್ಲಿ ಹೋಗುವ ಆಟೋಗಳು ನಿಧಾನ ಮಾಡುತ್ತಿದ್ದವು.

ಹಾಗಿದ್ದರೆ ಹೆಂಡತಿಗೆ ಹೇಳಬಾರದಿತ್ತೇ? ಹೇಳುವ ಹಾಗಿರಲಿಲ್ಲ. ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಪದ್ಮ ಮದುವೆಯಾಗಿ ಬಂದ ಹೊಸದರಲ್ಲಿ ಇದೇ ಹಜಾರದಲ್ಲಿ ಎರಡು ಮಕ್ಕಳಿಗೆ ಪಾಠ ಶುರುಮಾಡಿದ್ದಳು. ಮೂರನೆಯ ದಿನ ನಮ್ಮ ಅಮ್ಮ ಅಡುಗೆಮನೆಯಿಂದಲೇ, ಯಾರಿಗೆ ಎಂದು ಹೇಳದೆ, "ಇದೇನು ಮನೇನೋ ಛತ್ರಾನೋ" ಎಂದರು. ಅಷ್ಟೇ. ಪದ್ಮ ಜಗಳವಾಡಲಿಲ್ಲ, ಮುಖ ಊದಿಸಿಕೊಳ್ಳಲಿಲ್ಲ. ಮಾರನೆಯ ದಿನ ಚಾಪೆ ಸುತ್ತಿ ಅಟ್ಟಕ್ಕೆ ಹಾಕಿದಳು. ಆಮೇಲೆ ಹದಿನೈದು ವರ್ಷ ಅವಳ ಬಾಯಿಂದ ಒಂದು ಸ್ವರ ಹೊರಡಲಿಲ್ಲ. ದೇವರ ಮುಂದೆ ಕೂಡ ಓದಿದ ಹಾಗೆ ಹೇಳುತ್ತಿದ್ದಳು. ಅಮ್ಮ ಆ ಮಾತು ಆಡಿದಾಗ ನಾನು ಹಜಾರದಲ್ಲೇ ಪೇಪರ್ ಹಿಡಿದು ಕೂತಿದ್ದೆ. ಪೇಪರನ್ನು ಮುಖದಿಂದ ಕೆಳಗಿಳಿಸಲಿಲ್ಲ. ಅಮ್ಮ ಹೋದ ಒಂದು ವರ್ಷದ ಮೇಲೆ, ಪಕ್ಕದ ಮನೆಯವರು ಮಗಳನ್ನು ತಂದು ಬಿಟ್ಟ ಮೇಲೆ, ಆ ಚಾಪೆ ಅಟ್ಟದಿಂದ ಇಳಿದದ್ದು. ಈಗ ನಾನು ಬಾಯಿ ಬಿಟ್ಟು "ಸ್ವಲ್ಪ ಮೆಲ್ಲಗೆ" ಎಂದರೆ ಸಾಕು, ಅದು ಇನ್ನೊಮ್ಮೆ ಅಟ್ಟಕ್ಕೆ ಹೋಗುತ್ತದೆ, ಈ ಸಲ ಇಳಿಯುವುದಿಲ್ಲ ಎಂದು ನನಗೆ ಖಚಿತವಾಗಿ ಗೊತ್ತಿತ್ತು. ನನ್ನ ಜೀವನದಲ್ಲಿ ಸಂಶಯವಿಲ್ಲದೆ ಗೊತ್ತಿದ್ದ ಕೆಲವೇ ಸಂಗತಿಗಳಲ್ಲಿ ಅದೊಂದು.

ಆದ್ದರಿಂದ ಕ್ಲಾಸೂ ನಡೆಯಬೇಕು, ನನಗೂ ಕೇಳಿಸಬಾರದು, ಕೇಳಿಸಬಾರದು ಎಂಬ ಆಸೆ ನನಗಿದೆ ಎಂಬುದೂ ಅವಳಿಗೆ ತಿಳಿಯಬಾರದು. ಮೊದಲು ಹತ್ತಿ ಇಟ್ಟುಕೊಂಡು ನೋಡಿದೆ. ಹತ್ತಿ ಹೊರಗೆ ಇಣುಕುತ್ತಿತ್ತು. "ಶೀತಾನಾ?" ಎಂದು ಕೇಳಿ ಪದ್ಮ ಒಂದು ವಾರ ಮೆಣಸಿನ ಕಷಾಯ ಕುಡಿಸಿದಳು. ಎಂಟನೆಯ ದಿನ ಹತ್ತಿ ತೆಗೆದೆ.

ಪ್ರೆಸ್ಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಅಕ್ಷರ ಜೋಡಿಸುವ ಪ್ರಸನ್ನ ಎಂಬವನಿದ್ದ. ಕಿವಿಗೆ ಸದಾ ಏನಾದರೊಂದು ಸಿಕ್ಕಿಸಿಕೊಂಡಿರುವವನು. ಅವನಿಗೆ, ನನ್ನ ಸ್ನೇಹಿತರೊಬ್ಬರ ಮನೆಯ ಕಷ್ಟ ಎಂದು ಹೇಳಿ, ವಿಷಯ ತಿಳಿಸಿದೆ.

"ಈಗ ಹೊಸದು ಬಂದಿದೆ ಸಾರ್. ಹೊರಗಿನ ಗಲಾಟೇನ ಕ್ಯಾನ್ಸಲ್ ಮಾಡ್ಬಿಡತ್ತೆ" ಎಂದ.

"ಕ್ಯಾನ್ಸಲ್ ಆಗಿದ್ದು ಎಲ್ಲಿಗೆ ಹೋಗತ್ತೆ?" ಎಂದೆ.

"ಎಲ್ಲಿಗೂ ಹೋಗಲ್ಲ ಸಾರ್. ಒಳಗೊಂದು ಮೈಕ್ ಇರತ್ತೆ. ಹೊರಗಡೆ ಸದ್ದು ಕೇಳಿಸ್ಕೊಂಡು, ಅದಕ್ಕೆ ಉಲ್ಟಾ ಸದ್ದು ತಾನೇ ಮಾಡತ್ತೆ. ಎರಡೂ ಸೇರಿ ಸೊನ್ನೆ."

ಇದನ್ನು ನಾನು ಒಂದು ದಿನವೆಲ್ಲ ಯೋಚಿಸಿದೆ. ಗಲಾಟೆಗೆ ಎದುರು ಗಲಾಟೆ ಮಾಡಿ ಗಲಾಟೆಯನ್ನು ನಿಲ್ಲಿಸುವುದು. ನಾವು ವಠಾರದಲ್ಲಿದ್ದಾಗ ಬೆಳಗಿನ ನಲ್ಲಿಯ ಹತ್ತಿರ ಅಮ್ಮ ಒಂದು ಅಂದರೆ ಎದುರುಮನೆಯ ಸುಬ್ಬಮ್ಮನವರು ಅದಕ್ಕೆ ಸರಿಯಾಗಿ ಉಲ್ಟಾ ಇನ್ನೊಂದು ಅನ್ನುತ್ತಿದ್ದರು. ಎರಡೂ ಸೇರಿ ಸೊನ್ನೆಯಾದದ್ದನ್ನು ನಾನಂತೂ ಕಾಣೆ. ಅದೂ ಅಲ್ಲದೆ, ಸದ್ದನ್ನು ಕಡಿಮೆ ಮಾಡಲು ಇನ್ನಷ್ಟು ಸದ್ದನ್ನು ನನ್ನ ಕಿವಿಯೊಳಗೆ ಬಿಟ್ಟರೆ, ಲೆಕ್ಕದ ಪ್ರಕಾರ ನನ್ನ ಕಿವಿಗೆ ಎರಡು ಪಟ್ಟು ಕೆಲಸವಾಯಿತಲ್ಲ. "ನನ್ನ ಸ್ನೇಹಿತರಿಗೆ ಇದು ಒಪ್ಪಿಗೆಯಾಗೋ ಹಾಗಿಲ್ಲ" ಎಂದೆ. ಪ್ರಸನ್ನ ನನ್ನ ಮುಖ ನೋಡಿ, "ನಿಮ್ ಸ್ನೇಹಿತ್ರಿಗೆ ಅಂಗಡಿಗೆ ಹೋಗಿ ಹಾಕ್ಕೊಂಡು ನೋಡಕ್ಕೆ ಹೇಳಿ ಸಾರ್" ಎಂದ.

ಕಾಟನ್‌ಪೇಟೆಯ ಹತ್ತಿರ, ರೇಡಿಯೋ ಟೇಪುಗಳ ಸಾಮಾನು ಮಾರುವ ಒಂದು ಇಕ್ಕಟ್ಟಾದ ಅಂಗಡಿ. ಮಾಲೀಕರು ನನ್ನ ವಯಸ್ಸಿನವರೇ. ಮೂರು ತರಹದ ಮಾಲನ್ನು ಗಾಜಿನ ಮೇಲೆ ಹರಡಿದರು. ಮೊದಲನೆಯದು ಕಿವಿಯ ತೂತಿನೊಳಗೇ ತೂರಿಸುವ ರಬ್ಬರಿನ ಮೊಗ್ಗು. ಅದನ್ನು ನೋಡಿದ ಕೂಡಲೇ ನನಗೆ ಬಂದ ಸಂಶಯ, ಇದು ನನಗಿಂತ ಮುಂಚೆ ಯಾರ ಯಾರ ಕಿವಿಯೊಳಗೆ ಹೋಗಿ ಬಂದಿದೆ ಎಂಬುದು. ಬಾಯಿಗೆ ತಾಗಿದರೆ ಎಂಜಲು. ಕಿವಿಗೆ ತಾಗಿದ್ದಕ್ಕೆ ಏನೆನ್ನಬೇಕು ಎಂದು ನಮ್ಮ ಮನೆಯ ಹಿರಿಯರು ಯಾರೂ ಹೇಳಿ ಹೋಗಿಲ್ಲ. ಪಂಚೆಯ ತುದಿಯಿಂದ ಒರೆಸಿ ಹಾಕಿಕೊಂಡೆ. ಕಾಲು ನಿಮಿಷದಲ್ಲಿ ಜಾರಿ ಜೇಬಿಗೆ ಬಿತ್ತು. ಎರಡನೆಯದು ಬಹಳ ಅಗ್ಗ. ಕೆಂಪು ದೀಪ ಚೆನ್ನಾಗಿ ಉರಿಯುತ್ತಿತ್ತು. ದೀಪ ಉರಿದರೂ ಆರಿದರೂ ಬೀದಿಯ ಸದ್ದು ಅಷ್ಟೇ ಇತ್ತು. "ಇದರೊಳಗೆ ದೀಪ ಬಿಟ್ಟು ಬೇರೆ ಏನಿದೆ?" ಎಂದು ಕೇಳಿದೆ. ಮಾಲೀಕರು ಪ್ರಾಮಾಣಿಕರು. "ದೀಪಾನೇ ಸಾರ್ ಅದರಲ್ಲಿ ಮುಖ್ಯ" ಎಂದು ಅದನ್ನು ಒಳಗಿಟ್ಟರು.

ಮೂರನೆಯದು ಎರಡು ದೊಡ್ಡ ಬಟ್ಟಲು, ತಲೆಯ ಮೇಲೆ ಕಮಾನು, ತಂತಿಯ ನಡುವೆ ಬೆಂಕಿಪೊಟ್ಟಣದಷ್ಟು ಒಂದು ಡಬ್ಬಿ, ಅದರೊಳಗೆ ಸಣ್ಣ ಬ್ಯಾಟರಿ, ಮೇಲೊಂದು ಗುಂಡಿ. ಬೆಲೆಯನ್ನು ಹೇಳುವುದಿಲ್ಲ, ಪದ್ಮ ಇದನ್ನು ಓದಬಹುದು. ಕೇಳಿಸುವ ವಸ್ತುವಿಗಾದರೆ ಬೆಲೆ ಕೊಡಬಹುದು. ಕೇಳಿಸದೆ ಇರುವುದಕ್ಕೆ ಬೆಲೆ ಕೊಡುವಾಗ ಪರೀಕ್ಷೆ ಮಾಡುವುದು ಹೇಗೆ? ಅದಕ್ಕೂ ನಾನು ಸಿದ್ಧನಾಗಿಯೇ ಹೋಗಿದ್ದೆ. ತರಕಾರಿಯ ಚೀಲದಿಂದ, ಮೇಲೆ ಮುಚ್ಚಿದ್ದ ದಂಟಿನ ಸೊಪ್ಪನ್ನು ಸರಿಸಿ, ಪದ್ಮಳ ಶ್ರುತಿಪೆಟ್ಟಿಗೆಯನ್ನು ಹೊರತೆಗೆದು ಗಾಜಿನ ಮೇಲೆ ಇಟ್ಟೆ. ಭಾನುವಾರ ಕ್ಲಾಸಿಲ್ಲ, ಮಧ್ಯಾಹ್ನ ಅವಳು ಮಲಗಿದ್ದಾಗ ಎತ್ತಿಕೊಂಡು ಬಂದಿದ್ದೆ.

ಇಲ್ಲಿ ನನ್ನ ತರ್ಕವನ್ನು ನಿಮಗೆ ತಿಳಿಸಬೇಕು. ಆ ದಿನ ಅದು ನನಗೆ ಬಹಳ ಗಟ್ಟಿಯಾದ ತರ್ಕವಾಗಿ ಕಂಡಿತ್ತು. ನಮ್ಮ ಸಂಗೀತಕ್ಕೆ ಶ್ರುತಿಯೇ ಬುಡ. ಕ್ಲಾಸು ಶುರುವಾಗುವುದು ಶ್ರುತಿಯಿಂದ, ಎಲ್ಲರೂ ಹಾಡುವುದು ಅದನ್ನು ಹಿಡಿದುಕೊಂಡು. ಹಾಗಾದ ಮೇಲೆ ಯಾವ ಯಂತ್ರ ಶ್ರುತಿಯನ್ನೇ ಅಳಿಸಿಹಾಕುತ್ತದೋ, ಅದರ ಮೇಲೆ ನಿಂತ ಸರಳೆ, ಜಂಟಿ, ನಂಜೇಗೌಡರು ಎಲ್ಲವೂ ತಾವಾಗಿಯೇ ಹೋಗಬೇಕು. ಪ್ಲಗ್ ಸಿಕ್ಕಿಸಿ, ಪೆಟ್ಟಿಗೆ ಹಚ್ಚಿದೆ. ಝುಂಯ್ ಎಂದು ಅಂಗಡಿ ತುಂಬಿತು. ಬಟ್ಟಲುಗಳನ್ನು ಕಿವಿಗೆ ಹಾಕಿ ಗುಂಡಿ ಒತ್ತಿದೆ. ನಂದಿ ಬೆಟ್ಟ ಹತ್ತುವಾಗ ಬಸ್ಸಿನಲ್ಲಿ ಕಿವಿ ಗವ್ವೆನ್ನುತ್ತದಲ್ಲ, ಹಾಗೆ ಒಮ್ಮೆ ಆಯಿತು. ಆಮೇಲೆ ಶ್ರುತಿ ಇರಲಿಲ್ಲ. ಪೆಟ್ಟಿಗೆಯ ದೀಪ ಉರಿಯುತ್ತಿದೆ, ಮುಟ್ಟಿದರೆ ಕೈಗೆ ನಡುಕ ತಾಗುತ್ತಿದೆ, ಸದ್ದು ಮಾತ್ರ ಮಾಯ. ಮಾಲೀಕರ ಫ್ಯಾನೂ ಸದ್ದಿಲ್ಲದೆ ತಿರುಗುತ್ತಿತ್ತು. ನಿಜ ಹೇಳುತ್ತೇನೆ, ನನಗೆ ಸಂತೋಷದ ಜೊತೆಗೆ ಸ್ವಲ್ಪ ಹೆದರಿಕೆಯೂ ಆಯಿತು.

"ಸಂಗೀತದವರಾ ಸಾರ್?" ಎಂದರು ಮಾಲೀಕರು, ನಾನು ಬಟ್ಟಲು ತೆಗೆದ ಮೇಲೆ.

"ನಾನಲ್ಲ. ಮನೆಯವರು."

"ಓ, ಅವರಿಗೆ ಪ್ರೆಸೆಂಟಾ?"

"ಅವರಿಗಲ್ಲ" ಎಂದವನು ಅಲ್ಲಿಗೆ ನಿಲ್ಲಿಸಿದೆ. ಆದರೆ ಅಂಗಡಿಯವರ ತುಟಿಯ ಮೂಲೆಯಲ್ಲಿ ಏನೋ ಅರ್ಥವಾದ ಗುರುತು ಕಂಡಿತು. ಬಿಲ್ಲು ಬರೆಯುತ್ತ, "ಯಾವ ಕಡೆ ಸಾರ್ ಮನೆ? ನಮ್ ತಂಗಿ ಬಸವನಗುಡೀಲೆ ಇರೋದು, ಬುಲ್ ಟೆಂಪಲ್ ರೋಡ್‌ನಲ್ಲಿ. ಅವಳಿಗೂ ಸಂಗೀತ ಅಂದ್ರೆ ಪ್ರಾಣ" ಎಂದರು. ಬಸವನಗುಡಿಯಲ್ಲಿ ಸಂಗೀತ ಅಂದರೆ ಪ್ರಾಣ ಇರುವ ಹೆಂಗಸರೆಲ್ಲ ಒಬ್ಬರಿಗೊಬ್ಬರು ಗೊತ್ತು. "ಮಲ್ಲೇಶ್ವರ" ಎಂದುಬಿಟ್ಟೆ. ಎಷ್ಟನೇ ಕ್ರಾಸ್ ಎಂದರು. ಬಾಯಿಗೆ ಬಂದದ್ದು ಹೇಳಿದೆ. ಹೀಗಾಗಿ ಆ ಹೆಡ್‌ಫೋನಿನ ಗ್ಯಾರಂಟಿ ಕಾರ್ಡಿನಲ್ಲಿ ಮಲ್ಲೇಶ್ವರದ ಯಾರದೋ ಮನೆಯ ವಿಳಾಸವಿದೆ. ಕೆಟ್ಟರೆ ರಿಪೇರಿ ಮಾಡಿಸಿಕೊಳ್ಳುವ ಹಕ್ಕು ಅವರದು.

ಮನೆಯಲ್ಲಿ, ಬೀದಿಯ ಲಾರಿ ಸದ್ದಿಗೆ ಪ್ರೂಫಿನಲ್ಲಿ ತಪ್ಪು ಉಳಿಯುತ್ತಿದೆ, ಅದಕ್ಕೆ ತಂದೆ ಎಂದು ಹೇಳಿದೆ. ಪದ್ಮ ಅದನ್ನು ತಿರುಗಿಸಿ ನೋಡಿ, "ಒಳ್ಳೇದಾಯ್ತು ಬಿಡಿ" ಎಂದು ವಾಪಸು ಕೊಟ್ಟಳು. ಮದುವೆಯಾದಾಗಿನಿಂದ ನಾನು ಕೊಂಡು ತಂದ ಯಾವ ಸಾಮಾನಿಗೂ ಇಷ್ಟು ಬೇಗ ಒಪ್ಪಿಗೆ ಸಿಕ್ಕಿರಲಿಲ್ಲ. ಬದನೆಕಾಯಿಗೆ ಕೂಡ ಎರಡು ಪ್ರಶ್ನೆ ಕೇಳುವವಳು. ಎರಡು ದಿನ ಆ "ಬಿಡಿ" ಎಂಬುದರ ಅರ್ಥವೇನು ಎಂದು ತಲೆ ಕೆಡಿಸಿಕೊಂಡೆ.

ಸೋಮವಾರ ಸಂಜೆ ಐದಕ್ಕೆ ಬಟ್ಟಲು ಏರಿಸಿ, ಗುಂಡಿ ಒತ್ತಿ, ಕ್ಯಾಸೆಟ್ ಇನ್ನೂ ಹಾಕದೆ, ಮೌನ ಹೇಗಿರುತ್ತದೆ ನೋಡೋಣ ಎಂದು ಕಾದು ಕೂತೆ. ಪರದೆಯ ಆಚೆ ಶ್ರುತಿ ಇಲ್ಲ. ಫ್ಯಾನಿಲ್ಲ. ಫ್ರಿಜ್ಜಿಲ್ಲ. ಬಸವನಗುಡಿಯ ಬಸ್ಸುಗಳೇ ಇಲ್ಲ. ಆಹಾ ಎಂದುಕೊಳ್ಳುವಷ್ಟರಲ್ಲಿ ನನ್ನ ಎರಡು ಕಿವಿಗಳ ನಟ್ಟನಡುವೆ, ಎದುರಿಗೇ ಬಂದು ನಿಂತ ಹಾಗೆ, ನಂಜೇಗೌಡರು "ಸಾ" ಎಂದರು.

ಯಂತ್ರ ಒಂದೇ ಸಮ ಗುಂಯ್ ಎನ್ನುವ ಸದ್ದನ್ನು ಮಾತ್ರ ನುಂಗುತ್ತದಂತೆ. ಏರಿಳಿಯುವ ಮನುಷ್ಯರ ದನಿ ಅದಕ್ಕೆ ಜೀರ್ಣವಾಗುವುದಿಲ್ಲವಂತೆ. ಇದನ್ನು ಪ್ರಸನ್ನ ಆಮೇಲೆ ಹೇಳಿದ. ಮೊದಲಾದರೆ ಶ್ರುತಿ, ಫ್ಯಾನು, ಬಸ್ಸು ಇವೆಲ್ಲದರ ಕೆಳಗೆ ಆ ದನಿಗಳು ಸ್ವಲ್ಪ ಮುಚ್ಚಿಹೋಗಿರುತ್ತಿದ್ದವು. ಈಗ ಮೇಲಿನ ಹೊದಿಕೆಯನ್ನೆಲ್ಲ ತೆಗೆದು, ಒಗೆದು, ಒಣಗಿಸಿ, ಒಂದೊಂದನ್ನೇ ನನ್ನ ಕಿವಿಗೆ ಇಟ್ಟ ಹಾಗೆ ಬರುತ್ತಿದ್ದವು.

ಅಷ್ಟರಲ್ಲಿ ಎಲ್ಲರೂ ಕೆಮ್ಮತೊಡಗಿದರು. ಮಕ್ಕಳ ದನಿ ಮೇಲಿನ ಸ್ಥಾಯಿಯಲ್ಲಿ ಕೀಚಲಾಗಿ ಒಡೆಯಿತು. "ಇದೇನು, ಶ್ರುತಿ ಒಂದು ಮನೆ ಮೇಲಿದೆ. ಯಾರು ಮುಟ್ಟಿದ್ದು ಇದನ್ನ?" ಎಂದಳು ಪದ್ಮ. ದಂಟಿನ ಸೊಪ್ಪಿನ ಜೊತೆ ಉರುಳಾಡಿ ಪೆಟ್ಟಿಗೆಯ ತಿರುಪು ತಿರುಗಿರಬೇಕು. ನನಗೆ ಬೆವರಿತು. ಆದರೆ ನಾನು ಕಿವುಡ. ಕೇಳಿಸದವನು ತಲೆ ಎತ್ತುವ ಹಾಗಿಲ್ಲ.

"ವೋಲ್ಟೇಜು ಮೇಡಮ್ಮೋರೆ" ಎಂದರು ನಂಜೇಗೌಡರು. "ನಮ್ಮನೇಲೂ ನಿನ್ನೆ ಟ್ಯೂಬ್‌ಲೈಟು ಹಂಗೇ ಎಗರಾಡ್ತಿತ್ತು."

ಆ ಪುಣ್ಯಾತ್ಮರ ಮೇಲೆ ನನಗೆ ಮೊದಲ ಸಲ ಪ್ರೀತಿ ಹುಟ್ಟಿದ್ದು ಆಗ.

ಮುಂದಿನ ವಾರಗಳಲ್ಲಿ ಆದದ್ದು ನನ್ನ ಸ್ವಭಾವಕ್ಕೆ ತಕ್ಕದ್ದೇ. ಕಿವಿಗೆ ಬಟ್ಟಲು ಹಾಕಿಕೊಂಡವನ ಮುಂದೆ ಜನ ಏನು ಬೇಕಾದರೂ ಮಾತಾಡುತ್ತಾರೆ. ಮಕ್ಕಳನ್ನು ಬಿಡಲು ಬಂದ ತಾಯಂದಿರು ಪರದೆ ಸರಿಸಿ ನನ್ನನ್ನೊಮ್ಮೆ ನೋಡಿ, ಕೇಳಿಸುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು ಮಾತಿಗೆ ಶುರುಮಾಡುತ್ತಿದ್ದರು. ನಾನು ಕ್ಯಾಸೆಟ್ ಹಾಕುವುದನ್ನೇ ಬಿಟ್ಟೆ. ಪದ್ಮ ನನ್ನ ವಿಷಯ ಏನು ಹೇಳುತ್ತಾಳೆ, ಇವರಿಗೆ ಕ್ಲಾಸು ಇಷ್ಟವಿಲ್ಲ ಎಂದು ಯಾರಾದರೂ ಚುಚ್ಚುತ್ತಿದ್ದಾರೆಯೇ ಎಂದು ಕಿವಿಗೊಟ್ಟು ಕೂತೆ. ಯಾರೂ ನನ್ನ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಇದು ನನಗೆ ಇನ್ನೂ ಅನುಮಾನಕ್ಕೆ ಕಾರಣವಾಯಿತು. ಹೀಗೆ ಮಾತಿಗಾಗಿ ಕಾಯುತ್ತ ಕಾಯುತ್ತ ಪಾಠವನ್ನು ಪೂರ್ತಿ ಕೇಳುವುದು ಅಭ್ಯಾಸವಾಯಿತು. ಪ್ರೂಫ್ ನೋಡುವವನ ಮುಂದೆ ಏನನ್ನೇ ಇಟ್ಟರೂ ಅವನು ಓದುವುದಿಲ್ಲ, ತಪ್ಪು ಹುಡುಕುತ್ತಾನೆ. ಪಕ್ಕದ ಮನೆಯ ಹುಡುಗಿ ಜಂಟಿ ವರಿಸೆಯಲ್ಲಿ ಎಲ್ಲಿ ಓಡುತ್ತಾಳೆ, ಅವಳಿ ಜವಳಿ ಅಕ್ಕತಂಗಿಯರಲ್ಲಿ ಯಾರು ಬಾಯಿ ಮಾತ್ರ ಆಡಿಸುತ್ತಾರೆ ಎಲ್ಲವೂ ನನಗೆ ಗೊತ್ತಾಯಿತು. ನಂಜೇಗೌಡರು ಏರುವಾಗ ದಿನವೂ ಒಂದೇ ಜಾಗದಲ್ಲಿ ಎಡವುತ್ತಿದ್ದರು. ಪ ದ ನಿ ಸ ಎನ್ನುವಲ್ಲಿ ಅವರ ನಿಷಾದ ಯಾಕೋ ಮೇಲಕ್ಕೆ ಹೋಗಲು ಮನಸ್ಸಿಲ್ಲದೆ ಕುಗ್ಗಿದಂತೆ ಕೇಳುತ್ತಿತ್ತು. ಐದೂಕಾಲಿಗೆ ಆ ಸಾಲು ಬರುತ್ತದೆ ಎಂದು ಗೊತ್ತಾಗಿ ನಾನು ಪೆನ್ಸಿಲು ಕೆಳಗಿಟ್ಟು ಕಾಯುತ್ತಿದ್ದೆ. ಎಡವಿದ ಕೂಡಲೇ ಪೆನ್ಸಿಲು ಎತ್ತಿ, ಅಭ್ಯಾಸ ಬಲದಿಂದ, ಎದುರಿಗಿದ್ದ ಹಾಳೆಯ ಅಂಚಿನಲ್ಲಿ "ನಿ ಕಡಿಮೆ" ಎಂದು ಬರೆದುಬಿಡುತ್ತಿದ್ದೆ.

ಎದುರಿಗಿದ್ದದ್ದು ಸಕ್ಕರೆ ಕಾಯಿಲೆಯವರಿಗಾಗಿ ಅಡುಗೆ ಎಂಬ ವಿಷಯದ ಪುಸ್ತಕದ ಪ್ರೂಫು. ಒಂದು ದಿನ ಅಳಿಸಲು ಮರೆತು ಕೊಟ್ಟೆ. ಪ್ರಸನ್ನ ಫೋನು ಮಾಡಿ, "ಸಾರ್, ಮೆಂತ್ಯದ ದೋಸೆ ಪಕ್ಕ ನಿ ಕಡಿಮೆ ಅಂತ ಹಾಕಿದೀರ. ಏನು ಕಡಿಮೆ ಮಾಡ್ಲಿ?" ಎಂದು ಕೇಳಿದ. "ನೀರು" ಎಂದು ಹೇಳಿ ಪಾರಾದೆ. ಆ ದೋಸೆಗೆ ನೀರು ಕಡಿಮೆಯೇ ಇರಬೇಕಂತೆ, ಆಮೇಲೆ ಪುಸ್ತಕ ಬರೆದವರು ನನ್ನನ್ನು ಮೆಚ್ಚಿಕೊಂಡು ಕಾಗದ ಬರೆದರು. ಅಂದಿನಿಂದ ಮರೆಯದೆ ರಬ್ಬರಿನಿಂದ ಅಳಿಸಿಯೇ ಹಾಳೆಗಳನ್ನು ಕೊಡುತ್ತಿದ್ದೆ. ಪ್ರೆಸ್ಸಿಗೆ ಹೋಗುವ ಮುಂಚೆ, ಬೆಳಿಗ್ಗೆ. ಅಂದರೆ ಸಂಜೆಯಿಂದ ಬೆಳಗಿನವರೆಗೆ ಅವು ಮೇಜಿನ ಮೇಲೆ ಬಿದ್ದಿರುತ್ತಿದ್ದವು. ನನ್ನಷ್ಟು ಸಂಶಯದವನಿಗೆ ಇದು ಹೊಳೆಯದೆ ಹೋದದ್ದು ಹೇಗೋ ಗೊತ್ತಿಲ್ಲ.

ಒಂದು ಶನಿವಾರ ಪ್ರೆಸ್ಸಿಗೆ ಹೋಗುವುದಿರಲಿಲ್ಲ. ಬೆಳಿಗ್ಗೆಯೇ ಗಾಂಧಿ ಬಜಾರಿಗೆ ಹೋಗಿ ಹೂವು, ವೀಳ್ಯದೆಲೆ ತಂದು, ಅವರಿವರ ಜೊತೆ ಹರಟೆ ಹೊಡೆದು, ಊಟ ನಿದ್ದೆ ಮುಗಿಸಿ, ಐದಕ್ಕೆ ಐದು ನಿಮಿಷವಿರುವಾಗ ಬಟ್ಟಲು ಏರಿಸಿ ಮೇಜಿನ ಮುಂದೆ ಕೂತೆ. ಮೇಲಿನ ಹಾಳೆಯಲ್ಲಿ ರಾಗಿ ಗಂಜಿಯ ಪಕ್ಕ ನನ್ನ ಪೆನ್ಸಿಲಿನ "ಗೌಡರು, ನಿ ಕಡಿಮೆ" ಎಂಬುದಿತ್ತು. ಅದರ ಮೇಲೆ ಕೆಂಪು ಮಸಿಯ ಗೆರೆ ಎಳೆದಿತ್ತು. ನನ್ನದೇ ಕೆಂಪು ಪೆನ್ನು. ಕೆಳಗೆ ಪದ್ಮಳ ದುಂಡು ಅಕ್ಷರದಲ್ಲಿ, "ನಿ ಸರಿಯಾಗಿಯೇ ಇದೆ. ದ ಜಾಸ್ತಿ" ಎಂದು ಬರೆದಿತ್ತು.

ಈ ಕಸುಬಿಗೆ ಸೇರಿದಾಗಿನಿಂದ ನನ್ನ ತಿದ್ದುಪಡಿಯನ್ನು ಯಾರೂ ಹೊಡೆದು ಹಾಕಿರಲಿಲ್ಲ. ಆದರೆ ಆಗ ಅದು ಮನಸ್ಸಿಗೆ ಬರಲಿಲ್ಲ. ಬಂದದ್ದು ಒಂದೇ: ಅವಳಿಗೆ ಗೊತ್ತಾಗಿದೆ. ಕೇಳಿಸುತ್ತಿದೆ ಎಂದೂ ಗೊತ್ತಾಗಿದೆ, ಕೇಳಿಸಬಾರದೆಂದೇ ಇದನ್ನು ತಂದದ್ದು ಎಂದೂ ಗೊತ್ತಾಗಿದೆ. ಅವಳ ಕ್ಲಾಸಿನ ಮಕ್ಕಳನ್ನೂ ನಂಜೇಗೌಡರನ್ನೂ ಪರದೆಯ ಹಿಂದೆ ಕೂತು ಒಬ್ಬೊಬ್ಬರನ್ನಾಗಿ ತಪ್ಪು ಎಂದು ಗುರುತು ಹಾಕುತ್ತಿದ್ದೇನೆ ಎಂದು ಗೊತ್ತಾಗಿದೆ. ಅಮ್ಮನಾದರೂ ಒಂದೇ ಮಾತು ಆಡಿದ್ದರು, ಅದೂ ಎಲ್ಲರಿಗೂ ಕೇಳುವ ಹಾಗೆ.

ಗಡಿಯಾರ ನೋಡಿದೆ. ಐದು ಆಗಿತ್ತು. ಐದೂ ಐದು ಆಯಿತು. ಪರದೆಯ ಆಚೆ ಚಪ್ಪಲಿ ಬಿಟ್ಟು ಬಂದವರ ನೆರಳುಗಳು ಕೂತಂತೆ ಕಂಡವು. ಯಾರೂ ಹಾಡಲಿಲ್ಲ. ಐದೂ ಹತ್ತು. ನಂಜೇಗೌಡರ "ಸಾ" ಕೂಡ ಇಲ್ಲ. ಒಂದು ಸ್ವರವಿಲ್ಲ, ಒಂದು ಕೆಮ್ಮಿಲ್ಲ. ಶ್ರುತಿ ಇಲ್ಲ. ಆ ಹದಿನೈದು ವರ್ಷದ ಸಂಜೆಗಳು ಹೀಗೆಯೇ ಇದ್ದವು. ನನಗೆ ಅಳು ಬರುವಂತಾಯಿತು. ಈಗ ಎಲ್ಲರಿಗೂ ಕಾಫಿ ಕೊಟ್ಟು, ಇನ್ನು ಮೇಲೆ ಬರಬೇಡಿ ಎಂದು ಹೇಳುತ್ತಾಳೆ, ಕಾರಣ ಹೇಳುವುದಿಲ್ಲ, ನನ್ನ ಹೆಸರಂತೂ ಎತ್ತುವುದಿಲ್ಲ. ಈ ಸಲವಾದರೂ ಎದ್ದು ಹೋಗಬೇಕು ಎಂದುಕೊಂಡೆ. ಕುರ್ಚಿ ತಳ್ಳಿ, ಕಿವಿಯ ಬಟ್ಟಲು, ತಂತಿ, ಅದರ ತುದಿಯಲ್ಲಿ ಜೋತಾಡುವ ಟೇಪ್ ರೆಕಾರ್ಡರು ಸಮೇತ ಪರದೆ ಸರಿಸಿ ಹಜಾರಕ್ಕೆ ನುಗ್ಗಿ, "ಪದ್ಮಾ, ಕ್ಲಾಸು ನಿಲ್ಲಿಸಬೇಡ. ನನ್ನದು ತಪ್ಪಾಯ್ತು" ಎಂದೆ.

ಕಿವಿ ಮುಚ್ಚಿಕೊಂಡವನಿಗೆ ತನ್ನ ದನಿ ಎಷ್ಟು ದೊಡ್ಡದು ಎಂದು ಗೊತ್ತಾಗುವುದಿಲ್ಲ. ಮಕ್ಕಳು ಬೆಚ್ಚಿ ಕಣ್ಣು ತೆರೆದರು. ಎಂಟೂ ಜನ ಚಾಪೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ, ಕೈ ಮಡಿಲಲ್ಲಿಟ್ಟು, ಕಣ್ಣು ಮುಚ್ಚಿ ಕೂತಿದ್ದವರು. ನಂಜೇಗೌಡರು ಮಾತ್ರ ಇನ್ನೂ ಮುಚ್ಚಿಕೊಂಡೇ ಇದ್ದರು. ಪದ್ಮ ಎದ್ದು ಬಂದು, ನನ್ನ ತಲೆಯ ಮೇಲಿನ ಕಮಾನನ್ನು ಎರಡೂ ಕೈಯಿಂದ ಎತ್ತಿ ತೆಗೆದಳು.

ಹಜಾರದ ತುಂಬ ಶ್ರುತಿ ಇತ್ತು. ಪೆಟ್ಟಿಗೆ ಐದು ಗಂಟೆಯಿಂದಲೂ ಹಾಡುತ್ತಲೇ ಇತ್ತಂತೆ. ಯಾರೂ ಬಾಯಿ ತೆರೆಯಬಾರದು, ಹದಿನೈದು ನಿಮಿಷ ಬರೀ ಶ್ರುತಿ ಕೇಳಬೇಕು, ಅದು ಒಳಗೆ ಇಳಿಯದೆ ದ ಎಲ್ಲಿ, ನಿ ಎಲ್ಲಿ ಎಂದು ಗೊತ್ತಾಗುವುದಿಲ್ಲ ಎಂದು ಪದ್ಮ ಅವತ್ತಿನ ಪಾಠವನ್ನೇ ಹಾಗೆ ಇಟ್ಟಿದ್ದಳು. ಇಷ್ಟು ದಿನ ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕೇಳಿಸಿಕೊಂಡು ನಾನು ತೀರ್ಪು ಕೊಡುತ್ತಿದ್ದೆ.

"ಯಾರು ನಿಲ್ಲಿಸ್ತೀನಿ ಅಂದಿದ್ದು?" ಎಂದಳು ಪದ್ಮ. ಅವಳ ಮುಖದಲ್ಲಿ ಕೋಪವಿತ್ತೋ ನಗುವಿತ್ತೋ ನಾನು ಹೇಳಲಾರೆ. ಅವಳು ನನ್ನನ್ನು ನೋಡದೆ ತಂತಿ ಸುತ್ತುತ್ತಿದ್ದಳು. ಆಮೇಲೆ ಮಕ್ಕಳಿಗೆ ಕೇಳಿಸದಷ್ಟು ಮೆಲ್ಲಗೆ, "ಆವತ್ತೂ ಹೀಗೆ ಒಂದು ಸಲ ಎದ್ದು ಬಂದಿದ್ರೆ ಸಾಕಾಗಿತ್ತು" ಎಂದಳು. ಜೋತಾಡುತ್ತಿದ್ದ ಟೇಪ್ ರೆಕಾರ್ಡರನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ. ತಂತಿ ಸುತ್ತಿ ಮುಗಿಸಿ ಅವಳು, "ನಿಂತ್ಕೊಂಡಿದೀರಲ್ಲ, ಕೂತ್ಕೊಳ್ಳಿ. ತಪ್ಪು ಬರೆಯೋರಿಗೆ ಸರಿ ಯಾವುದು ಅಂತಾನೂ ಗೊತ್ತಿರ್ಬೇಕಲ್ಲ" ಎಂದು ಚಾಪೆ ತೋರಿಸಿದಳು.

ನಂಜೇಗೌಡರು ಕಣ್ಣು ತೆರೆದು, ಸೀಟಿನಲ್ಲಿ ಜಾಗ ಮಾಡಿಕೊಡುವವರ ಹಾಗೆ ಒಂದು ಕಡೆ ಸರಿದು, "ಬನ್ನಿ ಸಾರ್" ಎಂದರು. ಕೂತೆ. ಮಂಡಿ ಎರಡೂ ಲಟಕ್ ಎಂದವು. ಹದಿನೈದು ನಿಮಿಷ ಮುಗಿದ ಮೇಲೆ ಪದ್ಮ ಒಬ್ಬೊಬ್ಬರಿಂದಲೂ ಷಡ್ಜ ಹಿಡಿಸಿದಳು. ನನ್ನ ಸರದಿ ಬಂತು. ಷಡ್ಜವೆಂದರೆ ಮೊದಲನೆಯ ಸ್ವರ, ಅದರಲ್ಲಿ ತಪ್ಪಲು ಏನಿದೆ ಎಂದುಕೊಂಡು, ಗಂಟಲು ಸರಿಮಾಡಿಕೊಂಡು, "ಸಾ" ಎಂದೆ. ಅವಳಿ ಜವಳಿ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪದ್ಮ ಕಿಟಕಿಯ ಕಡೆ ತಿರುಗಿದಳು, ಅವಳ ಭುಜ ಕುಲುಕುತ್ತಿತ್ತು. ನಂಜೇಗೌಡರು ಮಾತ್ರ ನನ್ನ ಕಿವಿಯ ಹತ್ತಿರ ಬಗ್ಗಿ, ಬಹಳ ಮರ್ಯಾದೆಯಿಂದ, ತಮ್ಮ ಕೈಲಾದಷ್ಟು ಮೆಲ್ಲಗೆ, ಅಂದರೆ ಇಡೀ ಹಜಾರಕ್ಕೆ ಕೇಳುವ ಹಾಗೆ, "ಸೊಲ್ಪ ಕಡಿಮೆ ಆಯ್ತು ಸಾರ್. ನಂಗೂ ಮೊದಮೊದ್ಲು ಹಿಂಗೇ ಆಗೋದು" ಎಂದರು. ಅವರು ಹೇಳಿದ್ದರಲ್ಲಿ ಸಂಶಯಪಡುವಂಥದ್ದು ಏನೂ ಇರಲಿಲ್ಲ.